ಮಾಮೂಲಿ ಮಾತ್ರೆ

ಹತ್ತೊಂಬತ್ತನೇ ತಾರೀಖು, ಗುರುವಾರ
ಆಸ್ಪತ್ರೆಯ ಮೂರನೇ ಮಹಡಿ, ಮೂಳೆ ವಾರ್ಡು
ಬೆಳಗ್ಗೆ ಹನ್ನೊಂದು ಗಂಟೆ

ನನ್ನ ಮುದ್ದಿನ ಅಕ್ಕನಿಗೆ,

ಮೊದಲು ಒಲೆ ಆರಿಸಿ ಕೂತುಕೋ, ಆಮೇಲೆ ಓದು.

ಅಮ್ಮ ನಿನಗೆ ಫೋನಿನಲ್ಲಿ ಏನು ಹೇಳಿರುತ್ತಾಳೆ ಅಂತ ನನಗೆ ಗೊತ್ತು. ಔಷಧಿ ಅಂಗಡಿಗೆ ಅಳಿಯನ ಅಣ್ಣ ಕಬ್ಬಿಣದ ಕಂಬಿ ಹಿಡಿದು ನುಗ್ಗಿದ, ಅಳಿಯನ ದವಡೆ ಮುರಿದ, ನಮ್ಮ ಚಿನಕುರಳಿ ಒಂದೇ ಏಟಿಗೆ ಅವನನ್ನು ಕೆಡವಿ ಗಂಡನ ಪ್ರಾಣ ಉಳಿಸಿದಳು. ಇಷ್ಟನ್ನು ಅವಳು ಊರಿಗೆಲ್ಲ ಸಾರಿ ಆಗಿದೆ. ನಿನ್ನೆ ಆಸ್ಪತ್ರೆಯ ಕಸ ಗುಡಿಸುವಾಕೆ ಕೂಡ ನನ್ನನ್ನು ನೋಡಿ, "ನೀವೇನಾ ಆ ಗಟ್ಟಿಗಿತ್ತಿ, ನೋಡಿದ್ರೆ ಇರುವೆ ಥರ ಇದೀರಲ್ಲ" ಅಂದಳು. ನಾನು ನಕ್ಕೆ. ನಕ್ಕಿದ್ದಕ್ಕೆ ಆಮೇಲೆ ನಾಚಿಕೆಯಾಯಿತು.

ಫೋನಿನಲ್ಲಿ ಹೇಳಿದರೆ ನೀನು ಮಧ್ಯೆ ಮಧ್ಯೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಕೊನೆಗೆ ಹೇಳಬೇಕಾದ್ದನ್ನು ಬಿಟ್ಟು ಸೀರೆ ವಿಷಯ ಮಾತಾಡಿ ಇಡುತ್ತೇವೆ. ಅದಕ್ಕೇ ಪತ್ರ. ಅದೂ ಕನ್ನಡದಲ್ಲಿ. ಇಂಗ್ಲಿಷ್ ಶಾಲೆಗೆ ಹಾಕಿದ್ದಕ್ಕೆ ನಿನಗೆ ಕನ್ನಡವೇ ಬರಲಿಲ್ಲ ಅಂತ ಛೇಡಿಸುತ್ತಿದ್ದೆಯಲ್ಲ, ಈ ಪತ್ರ ಓದಿದ ಮೇಲೆ ಹಾಗೆ ಛೇಡಿಸಲು ನಿನಗೇ ಮನಸ್ಸಾಗುವುದಿಲ್ಲ.

ಇವರ ದವಡೆ ಎರಡು ಕಡೆ ಒಡೆದಿದೆ. ತಂತಿ ಹಾಕಿ ಮೇಲಿನ ಹಲ್ಲಿಗೆ ಕೆಳಗಿನ ಹಲ್ಲನ್ನು ಕಟ್ಟಿದ್ದಾರೆ. ಪಕ್ಕೆಲುಬು ಮೂರು ಬಿರುಕು. ಮದುವೆಯಾಗಿ ಏಳು ವಾರಕ್ಕೆ ಗಂಡನಿಗೆ ನಳಿಗೆಯಲ್ಲಿ ಗಂಜಿ ಕುಡಿಸುತ್ತಿದ್ದೇನೆ. ಅವರಿಂದ ಮೂರು ಹಾಸಿಗೆ ಆಚೆ ಇವರ ಅಣ್ಣ, ನನ್ನ ಭಾವ. ಅವರ ಬಲಗಾಲಿನ ಮಂಡಿಚಿಪ್ಪು ಚೂರಾಗಿದೆ. ಎರಡು ಕೈಗಳನ್ನೂ ಪಟ್ಟಿಯಿಂದ ಮಂಚಕ್ಕೆ ಬಿಗಿದಿದ್ದಾರೆ. ಸಂಜೆ ನಾಲ್ಕಕ್ಕೆ ಪೊಲೀಸ್ ಅಧಿಕಾರಿ ನನ್ನ ಹೇಳಿಕೆ ತೆಗೆದುಕೊಳ್ಳಲು ಬರುತ್ತಾರೆ. ಭಾವನ ಫೈಲಿನ ಮೊದಲ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಹೀಗೆ ಬರೆದಿದೆ: ನೋವಿನ ಮಾತ್ರೆ ಕದ್ದವನು, ಎಚ್ಚರಿಕೆ. ನಾನು ನಾಲ್ಕಕ್ಕೆ ಬಾಯಿ ಬಿಟ್ಟರೆ ಆ ಸಾಲು ಹೋಗುತ್ತದೆ. ಬಾಯಿ ಬಿಟ್ಟರೆ ಇವರು ನನ್ನನ್ನು ನೋಡುವ ರೀತಿಯೂ ಹೋಗುತ್ತದೆ. ಬೆಳಗಿನಿಂದ ಇವೆರಡರ ನಡುವೆ ಕೂತಿದ್ದೇನೆ ಅಕ್ಕಾ.

ಇವರು ನನ್ನನ್ನು ಹೇಗೆ ನೋಡುತ್ತಾರೆ ಅಂತ ನಿನಗೆ ಹೇಳಬೇಕು. ಹೇಳಿದರೆ ನೀನು, ಸಾಕು ನಿಲ್ಲಿಸೇ ಅನ್ನುತ್ತೀಯ, ಆದರೂ ಹೇಳುತ್ತೇನೆ. ನಾನು ಚಹಾ ಕಪ್ಪು ಇಟ್ಟರೂ ಪ್ರಪಂಚದಲ್ಲಿ ಮೊದಲ ಸಲ ಯಾರೋ ಚಹಾ ಕಪ್ಪು ಇಟ್ಟರು ಅನ್ನುವ ಹಾಗೆ ನೋಡುತ್ತಾರೆ. ಮದುವೆಯಾದ ಎರಡನೇ ವಾರದಿಂದಲೇ ನಾನು ಇವರ ಔಷಧಿ ಅಂಗಡಿಗೆ ಹೋಗತೊಡಗಿದೆ. ಅಂಗಡಿ ಅಂದರೆ ಉದ್ದನೆಯ ಕೋಣೆ, ಗಾಜಿನ ಕಪಾಟು, ಹಿಂದೆ ಮೆಟ್ಟಿಲು, ಮೇಲೆ ನಮ್ಮ ಮನೆ. ಮಧ್ಯಾಹ್ನ ಎರಡರಿಂದ ಮೂರರವರೆಗೆ ಇವರು ಮೇಲೆ ಹೋಗಿ ಮಲಗುತ್ತಿದ್ದರು, ನಾನು ಕೌಂಟರಿನಲ್ಲಿ ಕೂರುತ್ತಿದ್ದೆ. ಬಂದವರಿಗೆಲ್ಲ ಸಿಕ್ಕಾಪಟ್ಟೆ ಮಾತು ಕೊಡುತ್ತಿದ್ದೆ. ಕೆಮ್ಮಿನ ಸಿರಪ್ಪಿಗೆ ಬಂದ ಅಜ್ಜ ಒಬ್ಬರು, "ನಿನ್ನ ಮಾತಿಗೇ ಕೆಮ್ಮು ಹೋಯ್ತು ಬಿಡು" ಅಂತ ಸಿರಪ್ಪು ಬಿಟ್ಟು ಹೋದರು.

ಇವರು ನನಗೆ ಪಾಠ ಮಾಡುತ್ತಿದ್ದರು. ಹೊರಗಿನ ಕಪಾಟಿನಲ್ಲಿ ಯಾರು ಕೇಳಿದರೂ ಕೊಡಬಹುದಾದ ಮಾತ್ರೆಗಳು, ಪ್ಯಾರಾಸಿಟಮಾಲ್, ಐಬುಪ್ರೊಫೆನ್. ಒಳಗಿನ ಬೀಗದ ಡ್ರಾಯರಿನಲ್ಲಿ ಅಫೀಮಿನ ಜಾತಿಯ ಗಟ್ಟಿ ಮಾತ್ರೆಗಳು, ಅವಕ್ಕೆ ಚೀಟಿ ಬೇಕು, ರಿಜಿಸ್ಟರಿನಲ್ಲಿ ಸಹಿ ಬೇಕು. ಇವರು ಹೇಳಿದ್ದು ನನಗೆ ಹಾಗೇ ನೆನಪಿದೆ. "ಹೊರಗಿಂದು ಉರಿಯೋ ಜಾಗದಲ್ಲೇ ಬೆಂಕಿ ಆರಿಸೋಕೆ ನೋಡುತ್ತೆ. ಒಳಗಿಂದು ಬೆಂಕಿ ಮುಟ್ಟಲ್ಲ, ಬೆಂಕಿ ಬೆಂಕಿ ಅಂತ ಕೂಗೋನ ಬಾಯಿ ಮುಚ್ಚಿಸುತ್ತೆ." ಹಾಗಾದರೆ ಒಳಗಿನದೇ ದೊಡ್ಡದಲ್ಲವಾ ಅಂದೆ. ಅದಕ್ಕೆ ಇವರು, ಹಲ್ಲು ಕೀಳಿಸಿಕೊಂಡವರಿಗೆ, ಕಾಲು ಉಳುಕಿದವರಿಗೆ ಹೊರಗಿನ ಎರಡನ್ನು ಸರಿಯಾಗಿ ಕೊಟ್ಟರೆ ಒಳಗಿನದಕ್ಕೆ ಏನೂ ಕಮ್ಮಿಯಿಲ್ಲ ಅಂದರು. ಅದೂ ಅತಿಯಾದರೆ ಹೊಟ್ಟೆ ತೂತಾಗುತ್ತದೆ, ಲಿವರ್ ಹೋಗುತ್ತದೆ. ಒಳಗಿನದು ಅತಿಯಾದರೆ ಉಸಿರೇ ನಿಲ್ಲುತ್ತದೆ. ಉಸಿರು ನಿಲ್ಲದೆ ಉಳಿದವನನ್ನು ಅದು ತನ್ನ ಹಿಂದೆ ಓಡಿಸುತ್ತದೆ. "ಮೂಳೆ ಪುಡಿಯಾದಾಗ, ಆಪರೇಷನ್ ಆದಾಗ ಮಾತ್ರ ಅದೇ ಬೇಕು. ಆಗ ಬೇರೆ ಯಾವುದರ ಮಾತೂ ನೋವು ಕೇಳಲ್ಲ. ನಾಲ್ಕು ದಿನ ಕೊಟ್ಟು ನಿಲ್ಲಿಸಬೇಕು" ಅಂದರು. ನಾನು ಹೂಂ ಹೂಂ ಅನ್ನುತ್ತಿದ್ದೆ. ನಿಜ ಹೇಳಲಾ, ಅರ್ಧ ಹೊತ್ತು ಇವರ ಕೈಯನ್ನು ನೋಡುತ್ತಿದ್ದೆ.

ಭಾವ ಲಿಫ್ಟ್ ರಿಪೇರಿಯವರು. ಹೋದ ವರ್ಷ ಲಿಫ್ಟಿನ ಬಾವಿಯೊಳಗೆ ಎರಡು ಮಹಡಿ ಕೆಳಗೆ ಬಿದ್ದು ಬೆನ್ನಿನ ಆಪರೇಷನ್ ಆಗಿತ್ತು. ನಾಲ್ಕು ತಿಂಗಳು ಡಾಕ್ಟರು ಒಳಗಿನ ಮಾತ್ರೆ ಬರೆದರು. ಅದನ್ನು ಬಿಡಲು ಭಾವ ಪಟ್ಟ ಪಾಡನ್ನು ಇವರೇ ಜೊತೆಗಿದ್ದು ನೋಡಿದ್ದಾರೆ: ವಾಂತಿ, ಬೆವರು, ಗೋಡೆಗೆ ತಲೆ ಚಚ್ಚಿಕೊಳ್ಳುವುದು. ನಮ್ಮ ಮದುವೆಯ ಹೊತ್ತಿಗೆ ಪೂರ್ತಿ ಬಿಟ್ಟಿದ್ದರು. ಮದುವೆಯ ದಿನ ಬಿಳಿ ಶರ್ಟಿನಲ್ಲಿ ಎಷ್ಟು ಲಕ್ಷಣವಾಗಿದ್ದರು ಅಂತ ನೀನೇ ಹೇಳಿದ್ದೆ. ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಅಣ್ಣನ ಮರ್ಯಾದೆ ಅಂತ ಇವರು ಹೇಳಿರಲಿಲ್ಲ.

ಹೇಳಿದ್ದು ಇಷ್ಟೇ. "ಅಣ್ಣ ಬಂದು ಬೆನ್ನು ನೋವು ಅಂದ್ರೆ ಮಾಮೂಲಿ ಮಾತ್ರೆ ಕೊಡು ಸಾಕು."

ಅಕ್ಕಾ, ಈ ಒಂದು ಪದ. ಇವರಿಗೆ ಮಾಮೂಲಿ ಅಂದರೆ ಸಾಧಾರಣದ್ದು, ಹೊರಗಿನ ಕಪಾಟಿನದು. ನನಗೆ ಮಾಮೂಲಿ ಅಂದರೆ ದಿನವೂ ಕೊಡುವಂಥದ್ದು, ರೂಢಿಯದು. ಭಾವ ಒಂದು ಮಧ್ಯಾಹ್ನ ಬಂದು, "ಏನ್ ಇಂಗ್ಲಿಷ್ ಮೇಡಂ, ಬೆನ್ನು ಸ್ವಲ್ಪ ಹಿಡ್ಕೊಂಡಿದೆ, ನಿಮ್ಮ ಯಜಮಾನರು ಏನಾದ್ರೂ ಹೇಳಿದಾರಾ" ಅಂದರು. ನಾನು ಎಷ್ಟು ಜಾಣೆ ನೋಡು, ಭಾವನ ಮಾಮೂಲಿ ಯಾವುದು ಅಂತ ರಿಜಿಸ್ಟರ್ ತೆಗೆದೆ. ವಾರ ವಾರವೂ ಒಂದೇ ಮಾತ್ರೆ. ಕೊನೆಯ ತಾರೀಖು ನೋಡಲಿಲ್ಲ, ಚೀಟಿ ಕೇಳಲಿಲ್ಲ, ಸಹಿಯನ್ನೂ ಹಾಕಿಸಲಿಲ್ಲ, ಮನೆಯವರನ್ನು ಏನು ಕೇಳುವುದು ಅಂತ. ಬೀಗ ತೆಗೆದು ಒಂದು ಪಟ್ಟಿ ಕೊಟ್ಟೆ. ಭಾವ ಅದನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದು ನಿಂತರು. "ಇದನ್ನ ತಮ್ಮ ಕೊಡು ಅಂದ್ನಾ?" ಅಂತ ಕೇಳಿದರು. "ಹೂಂ ಭಾವ, ಮಾಮೂಲಿ ಕೊಡು ಅಂದಿದ್ದಾರೆ" ಅಂದೆ. ಅವರ ಕಣ್ಣಲ್ಲಿ ನೀರಿತ್ತು. ಬೆನ್ನು ನೋವಿಗೆ ಅಂದುಕೊಂಡೆ.

ಮೂರು ವಾರದಲ್ಲಿ ಆರು ಸಲ ಬಂದರು. ಒಂದು ಸಂಜೆ ನಾನು ಇವರಿಗೆ ಹೇಳಿದೆ ಕೂಡ, "ರೀ, ಭಾವ ಬಂದಿದ್ರು, ಮಾಮೂಲಿ ಕೊಟ್ಟೆ" ಅಂತ. "ಒಳ್ಳೇದು ಮಾಡ್ದೆ" ಅಂದು ನನ್ನ ಕೆನ್ನೆ ಹಿಂಡಿದರು. ಇಬ್ಬರೂ ಖುಷಿಯಾಗಿ ಚಪಾತಿ ತಿಂದೆವು.

ಹೋದ ವಾರ ಡ್ರಾಯರಿನ ಲೆಕ್ಕ ನೋಡುವಾಗ ಅರವತ್ತು ಮಾತ್ರೆ ಕಮ್ಮಿ. ಇವರ ಮುಖ ಬಿಳುಚಿಕೊಂಡಿತು. ಮೆಲ್ಲಗೆ, "ಅಣ್ಣ ಶುರು ಮಾಡ್ಕೊಂಡಿದಾನೆ, ನೀನು ಆಚೆ ತಿರುಗಿದಾಗ ಕದ್ದಿದಾನೆ" ಅಂದರು. ಆಗ ಎಲ್ಲವನ್ನೂ ಬಿಡಿಸಿ ಹೇಳಿದರು. ಆ ಕ್ಷಣವೇ ನನಗೆ ಅರ್ಥವಾಯಿತು. ಬಾಯಿ ತೆರೆದೆ. ಅಷ್ಟರಲ್ಲಿ ಇವರು, "ನಿನ್ನ ತಪ್ಪಲ್ಲ ಕಣೇ, ನಿನಗೇನು ಗೊತ್ತು" ಅಂತ ತಲೆ ಸವರಿದರು. ತೆರೆದ ಬಾಯಿ ಮುಚ್ಚಿದೆ. ಅಷ್ಟೇ ನಡೆದದ್ದು. ಬೆಳಗ್ಗೆ ಹೇಳಿದರಾಯಿತು ಅಂದುಕೊಂಡೆ.

ಬೆಳಗ್ಗೆ ಇವರು ಭಾವನ ವರ್ಕ್‌ಶಾಪಿಗೇ ಹೋದರು. ಕೆಲಸದವರ ಎದುರು ಕಳ್ಳ ಅಂದರಂತೆ. ಭಾವ, "ನಿನ್ನ ಅಂಗಡೀಲೇ ಕೊಟ್ಟಿದ್ದಲ್ವೇನೋ, ನೀನೇ ಹೇಳಿ ಕೊಡಿಸಿದ್ದಲ್ವೇನೋ" ಅಂತ ಕೂಗಿದರಂತೆ. ಇವರು ಮನೆಗೆ ಬಂದು ನನಗೆ ಹೇಳಿದರು, "ಇದಕ್ಕೆ ಸಿಕ್ಕಿದೋರು ತಮ್ಮ ಸುಳ್ಳನ್ನ ತಾವೇ ನಂಬ್ತಾರೆ." ನಾನು ಚಹಾ ಸೋಸುತ್ತಿದ್ದೆ. ಸೋಸುತ್ತಲೇ ಇದ್ದೆ.

ಅದಾಗಿ ಮೂರನೇ ದಿನ, ಸೋಮವಾರ, ಮಧ್ಯಾಹ್ನ ಎರಡೂವರೆ. ಶಟರ್ ಅರ್ಧ ಇಳಿಸಿತ್ತು. ಅವತ್ತು ಇವರು ಮಲಗಲು ಹೋಗಿರಲಿಲ್ಲ, ಕೌಂಟರಿನಲ್ಲೇ ಇದ್ದರು. ಭಾವ ಬಗ್ಗಿ ಒಳಗೆ ಬಂದರು. ಮಾತ್ರೆ ಸಿಗದೆ ಮೂಗು ಸೋರುತ್ತಿತ್ತು, ಬೆವರಿಗೆ ಶರ್ಟು ಮೈಗೆ ಅಂಟಿತ್ತು, ತೋಳಿನ ಮೇಲೆ ಕೂದಲು ನಿಂತಿತ್ತು. ಬಾಗಿಲ ಪಕ್ಕ ಶಟರ್ ಎಳೆಯುವ ಕೊಕ್ಕೆ ಕಂಬಿ ಇರುತ್ತದೆ, ಅದನ್ನು ತೆಗೆದುಕೊಂಡರು. "ಕಳ್ಳ ಅಂದ್ಯಲ್ಲೋ, ನಾಲ್ಕು ಜನರ ಮುಂದೆ. ಕದಿಯೋದು ಅಂದ್ರೆ ಹೇಗೆ ಅಂತ ಈಗ ನೋಡು" ಅಂದರು. ಮೊದಲ ಏಟಿಗೆ ಗಾಜಿನ ಕಪಾಟು ಪೂರ್ತಿ ಕೆಳಗೆ ಬಂತು. ಎರಡನೆಯದು ಡ್ರಾಯರಿಗೆ. ಬೀಗ ಬಗ್ಗಲಿಲ್ಲ. ಇವರು ಅಡ್ಡ ಹೋಗಿ, "ಅಣ್ಣ, ಬೇಡ, ಕೂತ್ಕೋ, ಡಾಕ್ಟರ ಹತ್ರ ನಾನೇ ಕರ್ಕೊಂಡು ಹೋಗ್ತೀನಿ" ಅಂದರು. ಮೂರನೆಯದು ಇವರ ಮುಖಕ್ಕೆ ಬಿತ್ತು.

ಆ ಶಬ್ದ ನಾನು ಬರೆಯಲಾರೆ. ಒಣಕಡ್ಡಿ ಮುರಿದಂತೆ ಇರುವುದಿಲ್ಲ ಅದು, ಹಸಿಯದನ್ನು ಮುರಿದಂತೆ ಇರುತ್ತದೆ. ಇವರ ಬಾಯಿಯಿಂದ ರಕ್ತದ ಜೊತೆ ಒಂದು ಹಲ್ಲು ಕೌಂಟರಿನ ಮೇಲೆ ಬಿತ್ತು. ಗಾಜಿನ ಚೂರಿನ ಮೇಲೆ ಬಿದ್ದವರನ್ನು ಭಾವ ಪಕ್ಕೆಗೆ ಒದ್ದರು, ಒದೆಯುತ್ತ ತಾವೇ ಅಳುತ್ತಿದ್ದರು. "ಹೇಳೋ, ಕಳ್ಳ ಅನ್ನೋ, ಇನ್ನೊಂದ್ಸಲ ಅನ್ನೋ" ಅನ್ನುತ್ತ ಒದ್ದರು. ಬಗ್ಗಿ ಡ್ರಾಯರನ್ನು ಎರಡೂ ಕೈಯಲ್ಲಿ ಕೀಳಲು ಕಂಬಿಯನ್ನು ಕೆಳಗೆ ಇಟ್ಟರು. ನಾನು ಅದನ್ನು ಎತ್ತಿಕೊಂಡೆ. ಅವರು ಮತ್ತೆ ಇವರ ಕಡೆ ತಿರುಗಿದಾಗ ಮಂಡಿಗೆ ಹೊಡೆದೆ. ಒಂದು ಏಟು. ಅವರು ಬಿದ್ದರು. ಅಷ್ಟು ಹೊತ್ತಿಗೆ ಪಕ್ಕದ ಕನ್ನಡಕದ ಅಂಗಡಿಯವರು ಶಟರ್ ಎತ್ತಿದರು.

ಇನ್ನು ಇಲ್ಲಿಯ ಕಥೆ. ಇವರಿಗೆ ದವಡೆ ಕಟ್ಟಿದ ದಿನ ಒಂದೇ ಒಂದು ಗಟ್ಟಿ ಇಂಜೆಕ್ಷನ್ ಕೊಟ್ಟರು. ಮಾರನೇ ದಿನದಿಂದ ಅದೇ ಹೊರಗಿನ ಎರಡು ಮಾತ್ರೆ, ಪುಡಿ ಮಾಡಿ ನೀರಲ್ಲಿ, ಒಂದಾದ ಮೇಲೆ ಒಂದು, ಜೊತೆಗೆ ಐಸು. ಬಾಯಿ ಕಟ್ಟಿರುವುದರಿಂದ ಇವರಿಗೊಂದು ಸ್ಲೇಟು ಕೊಟ್ಟಿದ್ದಾರೆ. ನೋವು ಹತ್ತರಲ್ಲಿ ಎಷ್ಟು ಅಂದರೆ ನಾಲ್ಕು ಅಂತ ಬರೆಯುತ್ತಾರೆ. ಪಕ್ಕದಲ್ಲಿ ಹೆಂಡತಿ ಇದ್ದರೆ ಮೂರು ಅಂತಲೂ ಬರೆದರು. ಹಿರಿಯ ನರ್ಸ್ ಓದಿ, "ಇದಕ್ಕೆ ಔಷಧಿ ನಮ್ಮಲ್ಲಿಲ್ಲ" ಅಂದರು.

ಭಾವನಿಗೂ ಕೊಡುವುದು ಅದೇ ಹೊರಗಿನದು. ಪುಡಿಯಾದ ಮಂಡಿಗೆ, ಅರವತ್ತು ಮಾತ್ರೆ ನುಂಗಿದ ಮೈಗೆ, ಜ್ವರದ ಮಾತ್ರೆ. ನೋವು ಎಷ್ಟು ಅಂದರೆ ಹತ್ತರಲ್ಲಿ ಹನ್ನೆರಡು ಅನ್ನುತ್ತಾರೆ. "ಎಲ್ಲರೂ ಹಾಗೇ ಅನ್ನೋದು, ಸುಮ್ನಿರಿ, ನಾಟಕ ಬೇಡ" ಅಂತ ಒಬ್ಬಳು ನರ್ಸ್ ಅಂದಳು. ಮಂಗಳವಾರ ಡ್ರಿಪ್ ಕಿತ್ತರು, ಹಾಸಿಗೆಯೆಲ್ಲ ರಕ್ತ. ಹಿಡಿಯಲು ಬಂದವನ ಮಣಿಕಟ್ಟು ಕಚ್ಚಿದರು. ಮಂಚದ ಕಂಬಿಗೆ ತಲೆ ಬಡಿದುಕೊಂಡರು, ಹುಬ್ಬು ಸೀಳಿ ನಾಲ್ಕು ಹೊಲಿಗೆ ಬಿತ್ತು. ಆಮೇಲೆ ಕೈ ಕಟ್ಟಿದರು. ಈಗ ಕೂಗಲು ಗಂಟಲಿಲ್ಲ, ನಾಯಿಮರಿಯ ಹಾಗೆ ಕುಂಯ್ಗುಡುತ್ತಾರೆ. ಕೂಗೇ ವಾಸಿಯಿತ್ತು.

ನಿನ್ನೆ ಏನಾಯಿತು ಗೊತ್ತಾ. ಮೂಳೆ ಡಾಕ್ಟರು ರೌಂಡಿಗೆ ಬಂದಾಗ ನನ್ನ ಗಂಡ ಪಕ್ಕೆ ಹಿಡಿದುಕೊಂಡು ಎದ್ದು, ತಮ್ಮ ದವಡೆ ಒಡೆದವರ ಮಂಚದ ಪಕ್ಕ ಹೋಗಿ ನಿಂತರು. ಸ್ಲೇಟು ಎತ್ತಿ ಹಿಡಿದರು: ಇದು ನಾಟಕ ಅಲ್ಲ. ರೂಢಿಯಾದ ಮೈಗೆ ಹೆಚ್ಚು ಬೇಕು, ಕಮ್ಮಿ ಅಲ್ಲ. ಡಾಕ್ಟರು, "ನೀವು ಔಷಧಿ ಗೊತ್ತಿರೋರು, ನಿಮಗೆ ನಾನು ಹೇಳ್ಬೇಕಾ. ಕಳ್ಳತನದ ಕೇಸು ಇದೆ. ಮಾರ್ಫಿನ್ ಬರೆದು ನಾಳೆ ಏನಾದ್ರೂ ಆದ್ರೆ ಕೊರಳು ನಂದು" ಅಂದರು. ಇವರು ಅಳಿಸಿ ಬರೆದರು: ಕಳ್ಳನ ಮಂಡಿಯೂ ಮಂಡಿಯೇ. ಡಾಕ್ಟರು ಓದಿ ತಲೆ ತಗ್ಗಿಸಿ ಮುಂದಿನ ಹಾಸಿಗೆಗೆ ಹೋದರು. ಅಕ್ಕಾ, ಆಗ ನನಗೆ ಇವರ ಮೇಲೆ ಬಂದ ಪ್ರೀತಿ ಎದೆಗೆ ಗುದ್ದಿದ ಹಾಗಿತ್ತು. ಇಂಥವರಿಗೆ ನಾನು ನಾಲ್ಕು ದಿನದಿಂದ ಮಾತು ಮುಚ್ಚಿಟ್ಟು ಗಂಜಿ ಕುಡಿಸುತ್ತಿದ್ದೇನೆ.

ಇವರ ದೂರಿನಲ್ಲಿ ಕದ್ದ ಅಂತ ಇದೆ, ನನ್ನ ಹೇಳಿಕೆ ಬಂದರೆ ಮಾತ್ರ ಅದು ಬದಲಾಗುತ್ತದೆ. ಹೇಳುತ್ತೇನೆ. ನಾಲ್ಕಕ್ಕೆ, ಇವರ ಎದುರೇ, ಮಾತ್ರೆ ನಾನೇ ಕೈಯಾರೆ ಕೊಟ್ಟೆ, ಗೊತ್ತಾದ ಮೇಲೂ ಸುಮ್ಮನಿದ್ದೆ ಅಂತ ಹೇಳುತ್ತೇನೆ. ಬರೆದದ್ದರಿಂದ ಸ್ವಲ್ಪ ಧೈರ್ಯ ಬಂದಿದೆ. ನನ್ನನ್ನು ಬೈಯುವುದಿದ್ದರೆ ಜೋರಾಗಿ ಬೈ, ಆದರೆ ಬೈದು ಮುಗಿಸಿ ಮೊದಲಿನಂತೆ ಕರೆ.

ಅತ್ತು ಅತ್ತು ಮೂಗು ಕೆಂಪಾದ,
ನಿನ್ನ
ಚಿನಕುರಳಿ

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಈಗ ಸಂಜೆ ಆರು. ಅಧಿಕಾರಿ ಬಂದು ಹೋದರು. ಮಾತ್ರೆಯ ವಿಷಯ ಎಲ್ಲ ಹೇಳಿದೆ. ಇವರು ಸ್ಲೇಟನ್ನು ಎರಡು ಸಲ ಒರೆಸಿದರು. ಆಮೇಲೆ ಅದರ ಮೇಲೆ, ನಾನೂ ಬಿಡಿಸಿ ಹೇಳಬೇಕಿತ್ತು, ಅಂತ ಬರೆದು ನನ್ನ ಕೈ ಹಿಡಿದುಕೊಂಡರು. ಡಾಕ್ಟರು ಫೈಲಿನ ಕೆಂಪು ಸಾಲು ಹೊಡೆದುಹಾಕಿದರು. ಭಾವನಿಗೆ ಇಂಜೆಕ್ಷನ್ ಕೊಟ್ಟು, ಉಸಿರು ನೋಡಲು ಒಬ್ಬ ನರ್ಸನ್ನು ಪಕ್ಕದಲ್ಲೇ ಕೂರಿಸಿದ್ದಾರೆ. ಕಟ್ಟು ಬಿಚ್ಚಿದ್ದಾರೆ. ನಾಲ್ಕು ದಿನದಲ್ಲಿ ಮೊದಲ ಸಲ ನಿದ್ದೆ ಹೋದರು.

ನಿದ್ದೆಗೆ ಮುಂಚೆ ಅಧಿಕಾರಿ ಅವರನ್ನೂ ಕೇಳಿದರು, ಈಕೆ ಎಷ್ಟು ಏಟು ಹೊಡೆದರು ಅಂತ. ಭಾವ ನನ್ನನ್ನು ನೋಡಿ, "ಒಂದೇ" ಅಂದರು. ಅಧಿಕಾರಿ ಒಂದು ಅಂತ ಬರೆದರು. ನಾನು ಸಹಿ ಹಾಕಿದೆ.

ಮೂರು ಅಕ್ಕಾ. ಮೊದಲನೆಯದಕ್ಕೇ ಅವರು ಬಿದ್ದಿದ್ದರು, ಕೈಯಲ್ಲಿ ಏನೂ ಇರಲಿಲ್ಲ. ನೆಲದಲ್ಲಿ ಮಲಗಿಕೊಂಡೇ ಇವರ ಕಡೆ ತಿರುಗಿ, "ನಿನ್ನ ಹೆಂಡ್ತೀನ ಕೇಳೋ, ಅವಳೇ ಕೊಟ್..." ಅನ್ನುತ್ತಿದ್ದರು. ಎರಡನೆಯದು ಆ ಮಾತಿಗೆ. ಅವರು ಮತ್ತೆ "ಅವಳೇ" ಅಂದರು, ಮೂರನೆಯದು ಅದಕ್ಕೆ. ಗಂಡನನ್ನು ಉಳಿಸಲು ಹೊಡೆದದ್ದು ಒಂದು. ನನ್ನನ್ನು ಉಳಿಸಿಕೊಳ್ಳಲು ಎರಡು. ಮಂಡಿಚಿಪ್ಪು ಚೂರಾದದ್ದು ಯಾವುದಕ್ಕೆ ಅಂತ ನನಗೆ ಗೊತ್ತು. ಇವರಿಗೆ ಆಗ ಪ್ರಜ್ಞೆ ಇರಲಿಲ್ಲ, ಏನೂ ಕೇಳಿಸಲಿಲ್ಲ.

ಇದನ್ನು ಬಾಯಲ್ಲಿ ಹೇಳುವ ಶಕ್ತಿ ನನಗಿಲ್ಲ. ಇವರು ಈಗ ನಿಧಾನವಾಗಿ ಓಡಾಡುತ್ತಾರೆ. ಕೆಳಗೆ ಬಾಗಿಲ ಬಳಿ ಅಂಚೆ ಡಬ್ಬ ಇದೆ. ಲಕೋಟೆ ಅಂಟಿಸದೆ ಪತ್ರವನ್ನು ಇವರ ಕೈಗೆ ಕೊಡುತ್ತಿದ್ದೇನೆ, ಮೊದಲು ನೀವು ಓದಿ ಅಂತ. ಇದು ನಿನಗೆ ತಲುಪಿದ್ದರೆ, ಓದಿದ ಮೇಲೂ ಇವರು ಡಬ್ಬಕ್ಕೆ ಹಾಕಿದ್ದಾರೆ ಅಂತ ತಿಳಿದುಕೋ.